ಕೇಣಿಯ ಉಪ್ಪುಗಾಳಿಯಲ್ಲಿ ತಾಮ್ರದ ಕೆತ್ತನೆ

ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸಿನಲ್ಲಿ ಬಲಬದಿಯ ಕಿಟಕಿಯ ಪಕ್ಕ ಸೀಟು ಸಿಕ್ಕವರು ಪುಣ್ಯವಂತರು. ಬಿಣಗಾ, ಅರ್ಗಾ, ಅವರ್ಸಾ, ಹಟ್ಟಿಕೇರಿ ಎಂದು ಊರುಗಳು ಹಿಂದೆ ಸರಿಯುತ್ತಿದ್ದಂತೆ ಕಡಲು ಒಮ್ಮೆ ಇಣುಕುತ್ತದೆ, ಒಮ್ಮೆ ಗುಡ್ಡದ ಮರೆಗೆ, ಇನ್ನೊಮ್ಮೆ ನೌಕಾನೆಲೆಯ ಗೋಡೆಯ ಮರೆಗೆ ಹೋಗುತ್ತದೆ. ಸುಮಾರು 35 ಕಿಲೋಮೀಟರಿನ ದಾರಿ. ಅಂಕೋಲೆ ಪೇಟೆಯಲ್ಲಿ ಇಳಿದು ಕಡಲಿನ ಕಡೆಗೆ ಹೊರಳಿದರೆ ಕೆಲವೇ ಕಿಲೋಮೀಟರಿನಲ್ಲಿ ಕೇಣಿ ಸಿಗುತ್ತದೆ.

ಕೇಣಿ ಮೀನುಗಾರರ ಊರು. ತೆಂಗಿನ ಮರಗಳ ನಡುವೆ ಒತ್ತೊತ್ತಾಗಿ ಮನೆಗಳು, ಅಂಗಳದಲ್ಲಿ ಒಣಗಲು ಹಾಕಿದ ಮೀನು, ಜಗಲಿಯ ಮೇಲೆ ಹರಡಿದ ಬಲೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಹರಿದ ಬಲೆ ಹೊಲಿಯುವ, ಎಂಜಿನ್ ಬಿಚ್ಚಿ ಜೋಡಿಸುವ ಕಾಲ. ಇಲ್ಲಿ ಉದ್ದೇಶಿಸಲಾದ ಬಂದರು ಯೋಜನೆ ಮತ್ತು ಅದಕ್ಕೆ ಮೀನುಗಾರರಿಂದ ಬಂದ ವಿರೋಧದಿಂದಾಗಿ ಊರಿನ ಹೆಸರು 2023ರ ನಂತರ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಂಡಿದೆ.

ಈ ದಂಡೆಯಲ್ಲಿ ಕಾಲಿಟ್ಟವರಿಗೆ ಮೊದಲು ತಿಳಿಯುವುದು ಗಾಳಿಯ ಉಪ್ಪು. ತುಟಿ ಸವರಿಕೊಂಡರೆ ರುಚಿ ಹತ್ತುತ್ತದೆ. ಕಿಟಕಿಯ ಸರಳು, ಸೈಕಲ್ಲಿನ ಚೈನು, ಬಾಗಿಲ ಚಿಲಕ ಯಾವುದೂ ಈ ಗಾಳಿಯ ಮುಂದೆ ಬಹುಕಾಲ ಹೊಳಪು ಉಳಿಸಿಕೊಳ್ಳುವುದಿಲ್ಲ. ಆದರೆ ಇದೇ ಉಪ್ಪು ಈ ಸೀಮೆಗೆ ಹೆಸರನ್ನೂ ತಂದಿದೆ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅಂಕೋಲೆಯ ಜನ ಕಡಲ ನೀರಿನಿಂದ ಕೈಯಾರೆ ಉಪ್ಪು ಮಾಡಿ ಕಾನೂನು ಮುರಿದರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಇದೆ. ಬೇಕಾದದ್ದನ್ನು ತಾನೇ ಮಾಡಿಕೊಳ್ಳುವುದು ಈ ಊರುಗಳಿಗೆ ಹೊಸ ಪಾಠವೇನಲ್ಲ.

ಹಸಿರು ಹಲಗೆಯ ಒಳಗುಟ್ಟು

ಇಂದಿನ ಮೀನುಗಾರಿಕೆ ಬಲೆ ಮತ್ತು ತೋಳ್ಬಲದಿಂದಷ್ಟೇ ನಡೆಯುವುದಿಲ್ಲ. ದೊಡ್ಡ ದೋಣಿಯ ಕ್ಯಾಬಿನ್ನಿನಲ್ಲಿ ದಿಕ್ಕು ತೋರುವ ಜಿಪಿಎಸ್, ನೀರಿನಾಳಕ್ಕೆ ಶಬ್ದದ ಅಲೆ ಕಳಿಸಿ ಮೀನಿನ ಹಿಂಡನ್ನು ಗುರುತಿಸುವ ಉಪಕರಣ, ವೈರ್‌ಲೆಸ್ ಸೆಟ್ಟು ಎಲ್ಲವೂ ಇರುತ್ತವೆ. ಇವುಗಳಲ್ಲಿ ಒಂದು ಕೆಟ್ಟು ಮುಚ್ಚಳ ಬಿಚ್ಚಿದರೆ ಕಾಣುವುದು ಒಂದು ಹಸಿರು ಹಲಗೆ. ಅದರ ಮೇಲೆ ಇರುವೆ ಸಾಲಿನಂಥ ತಾಮ್ರದ ಗೆರೆಗಳು, ಗೆರೆಗಳ ತುದಿಯಲ್ಲಿ ಬೆಸುಗೆ ಹಾಕಿದ ಬಿಡಿಭಾಗಗಳು. ಇದೇ ಸರ್ಕ್ಯೂಟ್ ಬೋರ್ಡ್. ಟಿ.ವಿ., ಮೊಬೈಲ್, ಮತಯಂತ್ರ ಎಲ್ಲದರ ಒಳಗೂ ಇದರದೇ ಸಂಸಾರ.

ಈ ಹಲಗೆ ಬರುವ ಮುಂಚೆ ರೇಡಿಯೊದ ಒಳಗೆ ತಂತಿಗಳ ಗೋಜಲು ತುಂಬಿರುತ್ತಿತ್ತು. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದ ಪಾಲ್ ಐಸ್ಲರ್ ಎಂಬ ಎಂಜಿನಿಯರ್ 1936ರಲ್ಲಿ ತಂತಿಗಳ ಬದಲು ಹಲಗೆಗೆ ಅಂಟಿಸಿದ ಲೋಹದ ಗೆರೆಗಳನ್ನೇ ಬಳಸಿ ರೇಡಿಯೊ ಮಾಡಿ ತೋರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಇದು ಸೇನೆಯ ಕೆಲಸಕ್ಕೆ ಬಂತು. ಯುದ್ಧ ಮುಗಿದ ಮೇಲೆ ಮನೆಮನೆಯ ಉಪಕರಣಗಳಿಗೆ ಇಳಿಯಿತು. ಕರ್ನಾಟಕದಲ್ಲೂ ಬೋರ್ಡುಗಳು ತಯಾರಾಗುತ್ತವೆ. ಮೈಸೂರಿನ ಬಳಿಯ ನಂಜನಗೂಡಿನ ಕಾರ್ಖಾನೆಯೊಂದನ್ನು 1999ರಲ್ಲಿ ಕೈಗೆ ತೆಗೆದುಕೊಂಡದ್ದು ಐಸ್ಲರ್ ಹುಟ್ಟಿದ ಆಸ್ಟ್ರಿಯಾ ದೇಶದ್ದೇ ಕಂಪನಿ ಎಂಬುದು ಒಂದು ಕಾಕತಾಳೀಯ.

ಕಾರ್ಖಾನೆಯಿಂದ ನೂರಾರು ಕಿಲೋಮೀಟರ್ ದೂರದ ಕೇಣಿಯಂಥ ಊರಿನ ವಿದ್ಯಾರ್ಥಿಗೆ ತನ್ನದೇ ಲೆಕ್ಕಾಚಾರದ ಒಂದೇ ಒಂದು ಬೋರ್ಡು ಬೇಕಾದರೆ ಏನು ಮಾಡಬೇಕು? ವಿಜ್ಞಾನ ಮೇಳಕ್ಕೆ ಒಂದು ಮಾದರಿ, ಡಿಪ್ಲೊಮಾ ಪ್ರಾಜೆಕ್ಟಿಗೆ ಒಂದು ಉಪಕರಣ, ಇಲ್ಲವೇ ಮನೆಯ ನೀರಿನ ಟ್ಯಾಂಕಿಗೆ ಒಂದು ಗಂಟೆ. ಕಾರ್ಖಾನೆಗೆ ಕಳಿಸಿದರೆ ಅಚ್ಚುಕಟ್ಟಾದ ಬೋರ್ಡು ಬರುತ್ತದೆ, ನಿಜ. ಆದರೆ ಒಂದು ಗೆರೆ ತಪ್ಪಿದ್ದು ಗೊತ್ತಾಗುವುದು ಪಾರ್ಸೆಲ್ ಬಿಚ್ಚಿದ ದಿನ. ತಿದ್ದಿ ಮತ್ತೆ ಕಳಿಸಿ ಮತ್ತೆ ಕಾಯಬೇಕು. ಮನೆಯಲ್ಲೇ ಮಾಡಿಕೊಳ್ಳಲು ಎರಡು ದಾರಿಗಳಿವೆ.

ಕರಗಿಸುವ ದಾರಿ, ಕೆತ್ತುವ ದಾರಿ

ಹಳೆಯ ದಾರಿ ರಾಸಾಯನಿಕದ್ದು. ಒಂದು ಮುಖಕ್ಕೆ ತೆಳುವಾದ ತಾಮ್ರದ ಹಾಳೆ ಅಂಟಿಸಿದ ಹಲಗೆ ಅಂಗಡಿಯಲ್ಲಿ ಸಿಗುತ್ತದೆ. ಅದರ ದಪ್ಪ ಸಾಮಾನ್ಯವಾಗಿ 1.6 ಮಿಲಿಮೀಟರ್, ಮೇಲಿನ ತಾಮ್ರದ ದಪ್ಪ 35 ಮೈಕ್ರಾನ್, ಅಂದರೆ ಮಿಲಿಮೀಟರಿನ ಮೂವತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಉಳಿಯಬೇಕಾದ ಗೆರೆಗಳನ್ನು ಮಸಿಯಿಂದ ಮುಚ್ಚಿ, ಹಲಗೆಯನ್ನು ಕಂದುಬಣ್ಣದ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ ಉಳಿದ ತಾಮ್ರ ಕರಗಿಹೋಗುತ್ತದೆ. ದಶಕಗಳಿಂದ ಹವ್ಯಾಸಿಗಳು ಹೀಗೆಯೇ ಮಾಡುತ್ತ ಬಂದಿದ್ದಾರೆ.

ಕರಗಿದ ತಾಮ್ರ ಮಾಯವಾಗುವುದಿಲ್ಲ, ದ್ರಾವಣದಲ್ಲಿಯೇ ಇರುತ್ತದೆ. ಹತ್ತು ಸೆಂಟಿಮೀಟರ್ ಚೌಕದ ಒಂದು ಹಲಗೆಯ ಮೇಲಿರುವ ತಾಮ್ರ ಸುಮಾರು 3 ಗ್ರಾಂ. ಅಷ್ಟೇ ತಾನೇ ಎನ್ನಿಸಬಹುದು. ಆದರೆ ತಾಮ್ರದ ಗುಣವನ್ನು ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಅವರು ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ ತಾಮ್ರದ ಲವಣವೇ. ರೋಗ ತರುವ ಸೂಕ್ಷ್ಮಜೀವಿಯನ್ನು ಕೊಲ್ಲುವ ಆ ಶಕ್ತಿ ನೀರಿಗೆ ಸೇರಿದರೆ ಮೀನಿನ ಮರಿಯನ್ನೂ ಚಿಪ್ಪುಮೀನನ್ನೂ ಬಿಡುವುದಿಲ್ಲ.

ಕಡಲಂಚಿನ ಊರಿನಲ್ಲಿ ಬಚ್ಚಲಿಗೆ ಸುರಿದದ್ದು ಚರಂಡಿಗೆ, ಚರಂಡಿಯದು ಉಪ್ಪುನೀರಿನ ಹಳ್ಳಕ್ಕೆ, ಹಳ್ಳದ್ದು ಇಳಿತದ ಜೊತೆ ಕಡಲಿಗೆ. ಇದೇ ಜಿಲ್ಲೆಯ ಕುಮಟೆಯ ಬಳಿ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳು ಬಹಳ. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ಜೌಗುಪ್ರದೇಶದ ಅಂತರರಾಷ್ಟ್ರೀಯ ಮಾನ್ಯತೆಯೂ ಸಿಕ್ಕಿತು. ಇಂಥ ಕರಾವಳಿಯಲ್ಲಿ ಬಳಸಿದ ದ್ರಾವಣವನ್ನು ಚರಂಡಿಗೆ ಸುರಿಯುವುದು ಊರವರ ತಾಟಿಗೇ ಸುರಿದಂತೆ. ಗಾಜಿನ ಅಥವಾ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಟ್ಟು, ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರನ್ನು ಕೇಳಿ ವಿಲೇವಾರಿ ಮಾಡುವುದೊಂದೇ ಸರಿಯಾದ ಕ್ರಮ.

ಎರಡನೆಯ ದಾರಿ ಕೆತ್ತನೆಯದು. ಇದರಲ್ಲಿ ದ್ರಾವಣವೇ ಇಲ್ಲ. ಕಂಪ್ಯೂಟರಿನ ಅಪ್ಪಣೆಯಂತೆ ನಡೆಯುವ ಸಣ್ಣ ಯಂತ್ರವೊಂದು ಸೂಜಿಮೊನೆಯ ಕಟರನ್ನು ಹಲಗೆಯ ಮೇಲೆ ಓಡಿಸಿ ಬೇಡದ ಕಡೆ ತಾಮ್ರವನ್ನು ಕೆರೆದು ತೆಗೆಯುತ್ತದೆ. ಇದೇ ಸಿಎನ್‌ಸಿ ಯಂತ್ರ. ಸಂಖ್ಯೆಗಳ ಮೂಲಕ ಯಂತ್ರವನ್ನು ನಡೆಸುವ ಈ ವಿದ್ಯೆಯನ್ನು ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1952ರಲ್ಲಿ ಮೊದಲು ಪ್ರದರ್ಶಿಸಲಾಯಿತು. ಆ ಕಾಲದ ಯಂತ್ರ ಒಂದು ಕೋಣೆ ತುಂಬುವಷ್ಟು ದೊಡ್ಡದು. ಇಂದು ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ '3018' ಮಾದರಿ ಓದುವ ಮೇಜಿನ ಮೇಲೆ ಕೂರುತ್ತದೆ. 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಜಾಗದಲ್ಲಿ ಅದು ಕೆಲಸ ಮಾಡಬಲ್ಲದು. ಹೆಸರು ಬಂದದ್ದೂ ಈ ಅಳತೆಯಿಂದಲೇ.

ಗಜನಿ ಗದ್ದೆಯ ಬದು

ಹಲಗೆಯ ಮೇಲಿನ ತಾಮ್ರವನ್ನೆಲ್ಲ ಕೆರೆಯಬೇಕಾಗಿಲ್ಲ. ಪ್ರತಿ ಗೆರೆಯ ಸುತ್ತ ಒಂದು ಸಣ್ಣ ಕಾಲುವೆ ತೋಡಿದರೆ ಸಾಕು. ಈ ಕರಾವಳಿಯ ಗಜನಿ ಗದ್ದೆಗಳನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಕಡಲಿನ ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆಯುವುದು ಒಂದು ಬದು. ಇಲ್ಲಿ ಒಂದು ತಾಮ್ರದ ಗೆರೆಯ ವಿದ್ಯುತ್ತು ಇನ್ನೊಂದಕ್ಕೆ ಹರಿಯದಂತೆ ತಡೆಯುವುದು ಈ ಕಾಲುವೆ. ಬದು ಒಂದು ಕಡೆ ಒಡೆದರೂ ಬೆಳೆ ಹೋಯಿತು. ಕಾಲುವೆಯಲ್ಲಿ ಕೂದಲೆಳೆಯಷ್ಟು ತಾಮ್ರ ಉಳಿದರೂ ಬೋರ್ಡು ಕೆಟ್ಟಿತು.

ಕೆಲಸ ಶುರುವಾಗುವುದು ಕಂಪ್ಯೂಟರಿನಲ್ಲಿ. ಬೋರ್ಡಿನ ನಕ್ಷೆ ಬಿಡಿಸಲು ಕೈಕ್ಯಾಡ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಫ್ರಾನ್ಸಿನ ಜಾನ್ ಪಿಯರ್ ಶಾರಾಸ್ ಅದನ್ನು 1992ರಲ್ಲಿ ಆರಂಭಿಸಿದರು. ನಕ್ಷೆಯನ್ನು ಕಟರಿನ ನಡೆಯಾಗಿ ಬದಲಿಸಲು ಫ್ಲಾಟ್‌ಕ್ಯಾಮ್‌ನಂಥ ಇನ್ನೊಂದು ತಂತ್ರಾಂಶ ಬೇಕು. ಅದು 'ಇಷ್ಟು ಬಲಕ್ಕೆ, ಇಷ್ಟು ಮುಂದಕ್ಕೆ, ಇಷ್ಟು ಕೆಳಕ್ಕೆ' ಎಂಬ ಸಾಲುಸಾಲು ಆಜ್ಞೆಗಳನ್ನು ಬರೆದುಕೊಡುತ್ತದೆ. ಇದಕ್ಕೆ ಜಿ-ಕೋಡ್ ಎಂದು ಹೆಸರು. ಯಂತ್ರದೊಳಗಿನ ಪುಟ್ಟ ಕಂಟ್ರೋಲರ್ ಆ ಸಾಲುಗಳನ್ನು ಒಂದೊಂದಾಗಿ ಓದಿ ಮೂರು ಮೋಟಾರುಗಳನ್ನು ತಿರುಗಿಸುತ್ತದೆ. ಈ ಓದುವ ಕೆಲಸಕ್ಕೆ ಹೆಚ್ಚಿನ ಹವ್ಯಾಸಿ ಯಂತ್ರಗಳು ಬಳಸುವ ಗರ್ಬಲ್ ಎಂಬ ತಂತ್ರಾಂಶವನ್ನು 2009ರಲ್ಲಿ ನಾರ್ವೆಯ ಸಿಮೆನ್ ಸ್ಕೋಗ್ಸ್‌ರುಡ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು.

ಮೋಟಾರುಗಳು ಫ್ಯಾನಿನಂತೆ ಸುಮ್ಮನೆ ತಿರುಗುವುದಿಲ್ಲ. ಒಂದು ಸುತ್ತನ್ನು ಸಾಮಾನ್ಯವಾಗಿ 200 ಹೆಜ್ಜೆಗಳಾಗಿ ಒಡೆದುಕೊಂಡು ಎಣಿಸಿ ಇಡುತ್ತವೆ. ಹಾಗಾಗಿಯೇ ಕಟರ್ ಹೇಳಿದ ಜಾಗಕ್ಕೇ ಹೋಗಿ ನಿಲ್ಲುತ್ತದೆ.

ಕಟರಿನ ಮೊನೆ ಇಂಗ್ಲಿಷಿನ ವಿ ಅಕ್ಷರದಂತಿರುತ್ತದೆ. ಇದರಲ್ಲೊಂದು ಗಣಿತವಿದೆ. ತುದಿಯ ಅಗಲ 0.1 ಮಿ.ಮೀ., ಮೊನೆಯ ಕೋನ 30 ಡಿಗ್ರಿ ಇದೆಯೆಂದುಕೊಳ್ಳೋಣ. 0.1 ಮಿ.ಮೀ. ಆಳಕ್ಕೆ ಇಳಿಸಿದರೆ ಕಾಲುವೆಯ ಅಗಲ ಸುಮಾರು 0.15 ಮಿ.ಮೀ. ಆಗುತ್ತದೆ. ಆಳ 0.2 ಆದರೆ ಅಗಲವೂ 0.2 ಮುಟ್ಟುತ್ತದೆ. ಹತ್ತನೆಯ ತರಗತಿಯಲ್ಲಿ ತ್ರಿಕೋನಮಿತಿಯ ಟ್ಯಾನ್ ಯಾವ ಉಪಯೋಗಕ್ಕೆ ಎಂದು ಕೇಳುವ ಹುಡುಗರಿಗೆ ಇದೊಂದು ಉತ್ತರ. ಅರ್ಧ ಕೋನವಾದ 15 ಡಿಗ್ರಿಯ ಟ್ಯಾನನ್ನು ಆಳದ ಎರಡರಷ್ಟರಿಂದ ಗುಣಿಸಿ, ತುದಿಯ ಅಗಲ ಕೂಡಿಸಿದರೆ ಲೆಕ್ಕ ಸಿಗುತ್ತದೆ.

ಮೊದಲ ಬೋರ್ಡು ಸಾಮಾನ್ಯವಾಗಿ ಕೆಡುವುದೂ ಇಲ್ಲಿಯೇ. ಹಲಗೆ ಕಣ್ಣಿಗೆ ಸಮತಟ್ಟಾಗಿ ಕಂಡರೂ ಎಲ್ಲೋ ಒಂದು ಕಡೆ ಸ್ವಲ್ಪ ಉಬ್ಬಿರುತ್ತದೆ. ತಾಮ್ರದ ದಪ್ಪವೇ 35 ಮೈಕ್ರಾನ್ ಆಗಿರುವಾಗ ಆ ಉಬ್ಬು ದೊಡ್ಡ ಗುಡ್ಡವಿದ್ದಂತೆ. ಒಂದು ಮೂಲೆಯಲ್ಲಿ ಕಟರ್ ಗಾಳಿಯಲ್ಲೇ ಓಡುತ್ತದೆ, ಇನ್ನೊಂದು ಮೂಲೆಯಲ್ಲಿ ಗೆರೆಯನ್ನೇ ತಿಂದುಹಾಕುತ್ತದೆ. ಇದಕ್ಕೆ ಉಪಾಯವಿದೆ. ಕಟರಿಗೆ ಒಂದು ತಂತಿ, ತಾಮ್ರಕ್ಕೆ ಇನ್ನೊಂದು ತಂತಿ ಕಟ್ಟಿ, ಕೆತ್ತುವ ಮುಂಚೆ ಕಟರನ್ನು ಹಲವು ಕಡೆ ಮೆಲ್ಲಗೆ ಇಳಿಸುತ್ತಾರೆ. ಮೊನೆ ತಾಮ್ರಕ್ಕೆ ತಾಗಿದೊಡನೆ ವಿದ್ಯುತ್ ಹರಿದು ಆ ಜಾಗದ ಎತ್ತರ ದಾಖಲಾಗುತ್ತದೆ. ಆಮೇಲೆ ಯಂತ್ರ ಏರಿಳಿತಕ್ಕೆ ತಕ್ಕಂತೆ ತಾನೂ ಏರಿಳಿದು ಕೆತ್ತುತ್ತದೆ.

ಇನ್ನೊಂದು ಎಡವಟ್ಟು ಕನ್ನಡಿಯದು. ಬಿಡಿಭಾಗಗಳು ಹಲಗೆಯ ಮೇಲ್ಮುಖದಲ್ಲಿ, ತಾಮ್ರ ಕೆಳಮುಖದಲ್ಲಿ ಇರುವುದರಿಂದ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಬೇಕು. ಮರೆತರೆ ಐ.ಸಿ.ಯ ಕಾಲುಗಳು ಎಡಬಲವಾಗಿ ಕೂರುತ್ತವೆ. ಆರಂಭದಲ್ಲಿ ಗೆರೆಗಳನ್ನು ಅರ್ಧ ಮಿಲಿಮೀಟರಿನಷ್ಟು ಅಗಲವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಕೆತ್ತನೆ ಮುಗಿದ ಮೇಲೆ 0.8 ಮಿ.ಮೀ.ನ ಡ್ರಿಲ್ ಹಾಕಿ ತೂತು ಕೊರೆಯಬೇಕು, ಬೇರೆ ಕಟರ್ ಹಾಕಿ ಅಂಚು ಕತ್ತರಿಸಬೇಕು. ಬೆಂಕಿಪೊಟ್ಟಣದ ಅಳತೆಯ ಬೋರ್ಡು ಊಟ ಮುಗಿಸಿ ಕೂತರೆ ಚಹಾ ಹೊತ್ತಿಗೆ ಕೈಗೆ ಬರುತ್ತದೆ. ತಪ್ಪಿದ್ದರೆ ಅದೇ ಸಂಜೆ ಇನ್ನೊಂದು.

ಹಳ್ಳಿಯಲ್ಲಿ ಆಗುವ ಮಾತೇ?

ಇದೆಲ್ಲ ಬೆಂಗಳೂರಿನವರಿಗೆ ಸರಿ, ಹಳ್ಳಿಗಲ್ಲ ಎನ್ನುವ ಪಾಲಕರು ನೆರೆಯ ಮಹಾರಾಷ್ಟ್ರದ ಕಡೆ ನೋಡಬಹುದು. ಪುಣೆ ಜಿಲ್ಲೆಯ ಪಾಬಲ್ ಎಂಬ ಒಣಸೀಮೆಯ ಹಳ್ಳಿಯಲ್ಲಿ ಡಾ. ಎಸ್.ಎಸ್. ಕಲಬಾಗ್ 1983ರಲ್ಲಿ ವಿಜ್ಞಾನ ಆಶ್ರಮ ಸ್ಥಾಪಿಸಿದರು. ಕೈಕೆಲಸದ ಮೂಲಕವೇ ವಿಜ್ಞಾನ ಕಲಿಯಬೇಕೆಂಬುದು ಅವರ ನಂಬಿಕೆ. ಎಂ.ಐ.ಟಿ.ಯ ನೀಲ್ ಗರ್ಶನ್‌ಫೆಲ್ಡ್ ಅವರ ಫ್ಯಾಬ್ ಲ್ಯಾಬ್ ಕಲ್ಪನೆ ಅಮೆರಿಕದ ಹೊರಗೆ ಮೊದಲು ನೆಲೆಯೂರಿದ ಜಾಗಗಳಲ್ಲಿ ಈ ಹಳ್ಳಿಯೂ ಒಂದು; ಅದು 2002ರಲ್ಲಿ. ಫ್ಯಾಬ್ ಲ್ಯಾಬ್‌ಗಳಲ್ಲಿ ವಿದ್ಯಾರ್ಥಿಗಳು ಮೊದಮೊದಲು ಕಲಿಯುವ ಕೆಲಸಗಳಲ್ಲಿ ಮೇಜಿನ ಮೇಲಿನ ಸಣ್ಣ ಯಂತ್ರದಿಂದ ಸರ್ಕ್ಯೂಟ್ ಬೋರ್ಡ್ ಕೆತ್ತುವುದೂ ಸೇರಿದೆ.

ಉತ್ತರ ಕನ್ನಡದಲ್ಲೂ ಬಾಗಿಲುಗಳಿಲ್ಲದೆ ಇಲ್ಲ. ಕಾರವಾರದಲ್ಲಿ ವಿಜ್ಞಾನ ಕೇಂದ್ರವಿದೆ, ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ತಮ್ಮ ಮಕ್ಕಳ ಶಾಲೆಯಲ್ಲಿ ಅಂಥ ಕೋಣೆ ಇದೆಯೇ, ಇದ್ದರೆ ಅದರ ಬೀಗ ವಾರಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಪಾಲಕರು ವಿಚಾರಿಸುವುದರಲ್ಲಿ ತಪ್ಪಿಲ್ಲ.

ಯಂತ್ರದ ಬೆಲೆ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಯ ಆಸುಪಾಸಿನಲ್ಲಿದೆ. ಆದರೂ ಒಬ್ಬ ವಿದ್ಯಾರ್ಥಿಗೆ ಒಂದು ಯಂತ್ರ ಕೊಡಿಸುವುದು ದುಂದು. ಒಂದು ಶಾಲೆಗೆ ಒಂದಿದ್ದರೆ ಧಾರಾಳ ಸಾಕು. ಅದಕ್ಕೂ ಮುಂಚೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನಲ್ಲಿ ನಾಲ್ಕಾರು ಸರ್ಕ್ಯೂಟುಗಳನ್ನು ಮಾಡಿ ನೋಡಬೇಕು. ಬಲೆ ಹೆಣೆಯಲು ಬಾರದವನಿಗೆ ದೋಣಿ ಕೊಡಿಸಿ ಫಲವೇನು?

ನೀರಿನ ಗಂಟೆ

ಕೇಣಿಯಂಥ ಊರಿಗೆ ಮೊದಲ ಬೋರ್ಡು ಯಾವುದಾಗಬಹುದು? ನೀರಿನ ಮಟ್ಟ ತಿಳಿಸುವ ಗಂಟೆ ಸುಲಭವಾದದ್ದು. ಒಂದು ಟ್ರಾನ್ಸಿಸ್ಟರ್, ಎರಡು ರೆಸಿಸ್ಟರ್, ಒಂದು ಬಜರ್, ಬ್ಯಾಟರಿ ಮತ್ತು ನೀರಿನಲ್ಲಿ ನಿಲ್ಲಿಸುವ ಎರಡು ಕಡ್ಡಿಗಳು. ನೀರು ಏರಿ ಎರಡೂ ಕಡ್ಡಿಗಳನ್ನು ಮುಟ್ಟಿದಾಗ ಅತ್ಯಲ್ಪ ವಿದ್ಯುತ್ ಹರಿಯುತ್ತದೆ. ಟ್ರಾನ್ಸಿಸ್ಟರ್ ಅದನ್ನು ಹಿಗ್ಗಿಸಿ ಬಜರನ್ನು ಕೂಗಿಸುತ್ತದೆ.

ಪುಸ್ತಕದಲ್ಲಿ ಇಷ್ಟೇ. ಕೇಣಿಯಲ್ಲಿ ಪಾಠ ಮುಂದುವರಿಯುತ್ತದೆ. ತಾಮ್ರದ ಕಡ್ಡಿ ಉಪ್ಪುನೀರಿನಲ್ಲಿ ವಿದ್ಯುತ್ ಹರಿದಷ್ಟೂ ಸವೆದು ಹಸಿರುಗಟ್ಟುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದು ಹೆಚ್ಚು ತಾಳುತ್ತದೆ. ಕಾರ್ಖಾನೆಯ ಬೋರ್ಡಿನ ಮೇಲಿರುವ ಹಸಿರು ಲೇಪ ಮನೆಯಲ್ಲಿ ಕೆತ್ತಿದ ಬೋರ್ಡಿಗೆ ಇರುವುದಿಲ್ಲ. ಉಪ್ಪುಗಾಳಿಯ ತೇವ ಕಾಲುವೆಗಳಲ್ಲಿ ಕೂತರೆ ನೀರೇ ಇಲ್ಲದೆ ಗಂಟೆ ಕೂಗತೊಡಗಬಹುದು! ಆದ್ದರಿಂದ ಬೆಸುಗೆ ಮುಗಿದೊಡನೆ ಬೋರ್ಡನ್ನು ಸ್ಪಿರಿಟ್ಟಿನಲ್ಲಿ ಬ್ರಷ್ ಮಾಡಿ ಒಣಗಿಸಿ ವಾರ್ನಿಷ್ ಹಚ್ಚಬೇಕು, ಮುಚ್ಚಳ ಗಟ್ಟಿಯಾದ ಡಬ್ಬಿಯಲ್ಲಿ ಇಡಬೇಕು. ದೋಣಿಯ ಉಪಕರಣಗಳು ಏಕೆ ಬೇಗ ಕೆಡುತ್ತವೆ ಎಂಬುದು ಆ ಹುಡುಗನಿಗೋ ಹುಡುಗಿಗೋ ತನ್ನ ಕೈಯ ಬೋರ್ಡಿನಿಂದಲೇ ತಿಳಿದಿರುತ್ತದೆ.

ಈ ತಾಲ್ಲೂಕಿನಲ್ಲಿ ಮಳೆ ಮತ್ತು ನೀರು ಆಟದ ವಿಷಯವಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಯೊಳಗೆ ಬಿದ್ದಾಗ ಹಲವರ ಪ್ರಾಣ ಹೋಯಿತು. ವಿದ್ಯಾರ್ಥಿ ಮಾಡಿದ ಗಂಟೆ ಅಂಥ ಅಪಾಯವನ್ನು ತಡೆಯಲಾರದು. ಅದನ್ನು ನಂಬಿ ಅಧಿಕೃತ ಎಚ್ಚರಿಕೆಯನ್ನು ಕಡೆಗಣಿಸುವುದೂ ಸಲ್ಲದು. ಆದರೆ ನೀರನ್ನು ಅಳೆಯಲು, ಬರೆದಿಡಲು ಕಲಿತ ಮಕ್ಕಳು ಮುಂದೆ ಅಂಥ ಎಚ್ಚರಿಕೆಯ ವ್ಯವಸ್ಥೆಗಳನ್ನು ಕಟ್ಟುವವರಾಗಬಹುದು.

ಕೆತ್ತನೆಯ ದಾರಿಗೂ ಕಸವಿದೆ ಎಂಬುದನ್ನು ಮರೆಯಬಾರದು. ಸಾಮಾನ್ಯವಾಗಿ ಸಿಗುವ ಹಲಗೆ ಗಾಜಿನ ನಾರು ಮತ್ತು ಅಂಟಿನಿಂದ ಮಾಡಿದ್ದು. ಕೆತ್ತುವಾಗ ಏಳುವ ಹುಡಿ ಕಣ್ಣಿಗೂ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಕಾಗದದಿಂದ ಮಾಡಿದ ಕಂದುಬಣ್ಣದ ಹಲಗೆಯ ಹುಡಿ ಅಷ್ಟು ಕೆಟ್ಟದ್ದಲ್ಲ, ಕಟರೂ ಹೆಚ್ಚು ದಿನ ಬಾಳುತ್ತದೆ; ಕಲಿಯುವವರಿಗೆ ಅದೇ ಲೇಸು. ಏನಿದ್ದರೂ ಮಾಸ್ಕ್ ಮತ್ತು ಕನ್ನಡಕ ಬೇಕೇ ಬೇಕು. ಹುಡಿಯನ್ನು ಬಾಯಿಂದ ಊದಬಾರದು. ಒದ್ದೆ ಕಾಗದದಲ್ಲಿ ಒರೆಸಿ ಪೊಟ್ಟಣ ಕಟ್ಟಿಡಬೇಕು. ಬೆಸುಗೆಯ ತಂತಿಯಲ್ಲಿ ಸೀಸ ಇರಬಹುದಾದ್ದರಿಂದ ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದು ತಿಂಡಿಗೆ ಕೂರಬೇಕು.

ಸಂಜೆ ಇಳಿತದ ಹೊತ್ತಿಗೆ ಕೇಣಿಯ ದಂಡೆ ಅಗಲವಾಗುತ್ತದೆ. ಹಳ್ಳದ ನೀರು ತೆಳ್ಳಗಾಗಿ ಮರಳಿನಲ್ಲಿ ಗೆರೆ ಎಳೆಯುತ್ತ ಕಡಲು ಸೇರುತ್ತದೆ. ಆ ನೀರು ಮರುದಿನದ ಭರತಕ್ಕೆ ಮತ್ತೆ ಊರಿಗೇ ಬರುವಂಥದ್ದು. ಇಲ್ಲಿಯ ಒಂದು ಮನೆಯಲ್ಲಿ ಬೋರ್ಡೊಂದು ತಯಾರಾಗಿ, ಅದರ ತಾಮ್ರದ ಹುಡಿ ಹಳ್ಳಕ್ಕೆ ಹೋಗದೆ ಕಾಗದದ ಪೊಟ್ಟಣದಲ್ಲಿ ಉಳಿದರೆ, ಆ ವಿದ್ಯಾರ್ಥಿ ಎಲೆಕ್ಟ್ರಾನಿಕ್ಸಿನ ಜೊತೆಗೆ ತನ್ನ ಊರನ್ನೂ ಕಲಿತಂತಾಯಿತು.